ನಾಯಿಗೆ ಓದಲು ಬಾರದು, ಚೀಲವನ್ನು ನಾವೇ ಓದೋಣ

ಮಕ್ಕಳೆ, ಮಳೆ ಬಿಟ್ಟ ಮೇಲೆ ಕಣದಲ್ಲಿ ಗೋವಿನಜೋಳ ಹರಡಿ ಒಣಗಿಸುವುದನ್ನು ನೀವು ನೋಡಿರುತ್ತೀರಿ. ರಾಶಿಯ ಮೇಲಿನ ಕಾಳು ಬಂಗಾರದಂತೆ ಹೊಳೆಯುತ್ತದೆ. ಆದರೆ ತಳದಲ್ಲಿ ನೀರು ತಾಗಿದ ಕಾಳು ಕೆಲವೊಮ್ಮೆ ಹಸಿರು ಹಳದಿ ಬಣ್ಣಕ್ಕೆ ತಿರುಗಿ ಬೂಷ್ಟು ಹಿಡಿದಿರುತ್ತದೆ. ಆಗ ಮನೆಯಲ್ಲಿ ಯಾರಾದರೂ ಹೀಗೆ ಹೇಳುವುದುಂಟು: "ಇದು ನಮಗೆ ಬೇಡ, ದನಕ್ಕೂ ಬೇಡ. ನುಚ್ಚು ಮಾಡಿ ನಾಯಿಗೆ ಹಾಕಿದರಾಯಿತು. ನಾಯಿ ಏನು ತಿಂದರೂ ಅರಗಿಸಿಕೊಳ್ಳುತ್ತದೆ."

ಈ ಮಾತು ನಿಜವೆ? ನಾಯಿ ಏನು ತಿಂದರೂ ಅರಗಿಸಿಕೊಳ್ಳುತ್ತದೆಯೆ? ಅಂಗಡಿಯಲ್ಲಿ ಸಿಗುವ ನಾಯಿ ಆಹಾರದ ಚೀಲ ತಂದರೆ ಚಿಂತೆ ತಪ್ಪುತ್ತದೆಯೆ? ಚೀಲಗಳಲ್ಲಿ ಒಳ್ಳೆಯದು ಯಾವುದು ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕೋಣ. ಇದಕ್ಕೆ ನಿಮ್ಮ ಶಾಲೆಯ ಗಣಿತ ಮತ್ತು ವಿಜ್ಞಾನವೇ ಸಾಕು.

ನಾಯಿಗಳು ತೋರಿಸಿದ ಅಪಾಯ

1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿತು. ಜನರ ಕಣ್ಣು ಹಳದಿಯಾಯಿತು. ಹೊಟ್ಟೆಯಲ್ಲಿ ನೀರು ತುಂಬಿತು. ಸುಮಾರು 400 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ಸುಮಾರು 100 ಮಂದಿ ತೀರಿಕೊಂಡರು. ಸೋಂಕಿನಿಂದ ಹರಡುವ ಕಾಮಾಲೆ ಇರಬಹುದು ಎಂದು ಮೊದಲು ಅನ್ನಿಸುವುದು ಸಹಜ. ಆದರೆ ವೈದ್ಯರು ಇನ್ನೊಂದು ಸಂಗತಿಯನ್ನು ಗಮನಿಸಿದರು. ಆ ಮನೆಗಳ ನಾಯಿಗಳಿಗೂ ಅದೇ ರೀತಿ ಹೊಟ್ಟೆ ಊದಿಕೊಂಡಿತ್ತು. ಅವೂ ಸತ್ತಿದ್ದವು.

ಮನುಷ್ಯರಿಗೂ ನಾಯಿಗೂ ಒಂದೇ ಕಾಯಿಲೆ ಬರಲು ಕಾರಣವೇನು? ಇಬ್ಬರೂ ತಿಂದದ್ದು ಒಂದೇ ಗೋವಿನಜೋಳ. ಅಕಾಲದ ಮಳೆಯಲ್ಲಿ ನೆನೆದ ಆ ಕಾಳಿಗೆ ಬೂಷ್ಟು ಹಿಡಿದಿತ್ತು. ಈ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಇದು ತಯಾರಿಸುವ ವಿಷ ಅಫ್ಲಟಾಕ್ಸಿನ್. ಇದು ನೇರವಾಗಿ ಯಕೃತ್ತನ್ನು, ಅಂದರೆ ಪಿತ್ತಜನಕಾಂಗವನ್ನು, ಹಾಳುಮಾಡುತ್ತದೆ. ಈ ವಿಷ ಬೆಳಕಿಗೆ ಬಂದದ್ದು 1960ರಲ್ಲಿ. ಆಗ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಿದ್ದವು. ಅವು ತಿಂದ ಶೇಂಗಾ ಹಿಂಡಿಯಲ್ಲಿ ಈ ವಿಷ ಇತ್ತು.

ಅಫ್ಲಟಾಕ್ಸಿನ್‌ನ ಎರಡು ಗುಣಗಳನ್ನು ನೆನಪಿಡಿ. ಒಂದು, ಕುದಿಸಿದರೂ ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಎರಡು, ಮೇಲಿನ ಬೂಷ್ಟನ್ನು ಒರೆಸಿ ತೆಗೆದರೂ ವಿಷ ಕಾಳಿನೊಳಗೆ ಉಳಿದಿರಬಹುದು. ಆದ್ದರಿಂದ ಬೂಷ್ಟು ಹಿಡಿದ ಕಾಳನ್ನು ನುಚ್ಚು ಮಾಡಿ ಬೇಯಿಸಿ ಹಾಕಿದರೂ ನಾಯಿಗೆ ಅಪಾಯ ತಪ್ಪದು.

ಇದು ನಮ್ಮ ಭಾಗಕ್ಕೆ ಬಹಳ ಮುಖ್ಯವಾದ ವಿಷಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬಿನ ಜೊತೆಗೆ ಗೋವಿನಜೋಳವನ್ನೂ ಶೇಂಗಾವನ್ನೂ ಬೆಳೆಯುತ್ತಾರೆ. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಬಂದು ನದಿದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿದೆ. ನೆರೆ ಇಳಿದ ಮೇಲೆ ಮನೆಯಲ್ಲಿ ನೆನೆದ ಕಾಳು ಉಳಿಯುತ್ತದೆ. ಎಸೆಯಲು ಮನಸ್ಸು ಬಾರದು. ಆದರೂ ಬೂಷ್ಟು ಹಿಡಿದದ್ದನ್ನು ನಾಯಿಗೆ ಹಾಕಬಾರದು. ನಾವು ತಿನ್ನಲಾರದ್ದು ಎಂದು ನಾಯಿಯ ಮುಂದೆ ಇಟ್ಟರೆ ಅದರ ಯಕೃತ್ತಿಗೂ ಅದೇ ಗತಿ.

ನಾಯಿಯ ಹೊಟ್ಟೆ ಎಂಥದು?

ನಾಯಿ ತೋಳದ ಕುಲಕ್ಕೆ ಸೇರಿದ ಪ್ರಾಣಿ. ಹಾಗೆಂದು ಅದಕ್ಕೆ ಬರೀ ಮಾಂಸವೇ ಬೇಕೆ? ಬೇಡ. ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿದ ನಾಯಿಯ ಹೊಟ್ಟೆಯೂ ಬದಲಾಗಿದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು, ಅಂದರೆ ಜೀನುಗಳನ್ನು, ಹೋಲಿಸಿ ನೋಡಿದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಲು ಒಂದು ಜೀನು ಬೇಕು. ತೋಳದಲ್ಲಿ ಆ ಜೀನಿನ 2 ಪ್ರತಿಗಳಿದ್ದರೆ ನಾಯಿಗಳಲ್ಲಿ 4ರಿಂದ 30 ಪ್ರತಿಗಳಿದ್ದವು! ಬೆಂದ ಅನ್ನ, ರೊಟ್ಟಿ, ನುಚ್ಚು ನಾಯಿಗೆ ಅರಗುವುದು ಇದರಿಂದಲೇ.

ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಹೆಸರು ನೀವು ಕೇಳಿರಬಹುದು. ಉದ್ದ ಕಾಲು, ಸಣ್ಣ ನಡು, ಗಾಳಿಯಂತೆ ಓಟ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಮುಧೋಳ ನಾಯಿಗಳು ತರಬೇತಿಗಾಗಿ ಭಾರತೀಯ ಸೇನೆಯನ್ನು ಸೇರಿದವು. ಹಳ್ಳಿಗಳಲ್ಲಿ ಇವು ಬೆಳೆದದ್ದು ಜೋಳ ಅಥವಾ ಗೋವಿನಜೋಳದ ಅಂಬಲಿ, ರೊಟ್ಟಿ, ಹಾಲು, ಆಗಾಗ ಮೊಟ್ಟೆ, ಮಾಂಸ ತಿಂದು. ಆದ್ದರಿಂದ ಧಾನ್ಯ ನಾಯಿಗೆ ಶತ್ರುವಲ್ಲ. ಆದರೆ ಧಾನ್ಯವೊಂದೇ ಸಾಲದು.

ನಾಯಿಗೆ ಬೇಕಾದುದೇನು?

ಪ್ರೋಟೀನ್: ಸ್ನಾಯು, ರಕ್ತ, ಕೂದಲು ಬೆಳೆಯಲು ಬೇಕು. ಪ್ರೋಟೀನುಗಳು ಅಮೈನೊ ಆಮ್ಲಗಳಿಂದ ಆದವು. ಇವುಗಳಲ್ಲಿ 10 ಅಮೈನೊ ಆಮ್ಲಗಳು ನಾಯಿಗೆ ಆಹಾರದಿಂದಲೇ ಸಿಗಬೇಕು.

ಕೊಬ್ಬು: ಶಕ್ತಿಗೆ, ಚರ್ಮ ಮತ್ತು ಕೂದಲಿನ ಹೊಳಪಿಗೆ.

ಸುಣ್ಣ ಮತ್ತು ರಂಜಕ: ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫರಸ್. ಮೂಳೆಗೆ ಎರಡೂ ಬೇಕು. ರಂಜಕಕ್ಕಿಂತ ಸುಣ್ಣ ಕಡಿಮೆ ಇರಬಾರದು, ಎರಡು ಪಟ್ಟಿಗಿಂತ ಹೆಚ್ಚೂ ಇರಬಾರದು. ಬರೀ ಮಾಂಸ ಮತ್ತು ಅನ್ನ ತಿಂದು ಬೆಳೆದ ಮರಿಗೆ ಸುಣ್ಣ ಸಾಲದೆ ಕಾಲು ಸೊಟ್ಟಗಾಗಬಹುದು.

ಜೀವಸತ್ವಗಳು: ಇಲ್ಲೊಂದು ಸ್ವಾರಸ್ಯವಿದೆ. ನಮಗೆ ಸಿ ಜೀವಸತ್ವ ನೆಲ್ಲಿಕಾಯಿ, ಲಿಂಬೆ, ಪೇರಲಗಳಿಂದ ಸಿಗಬೇಕು. ನಾಯಿ ಅದನ್ನು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ. ಆದರೆ ಡಿ ಜೀವಸತ್ವದ ವಿಷಯ ತದ್ವಿರುದ್ಧ. ನಾವು ಬಿಸಿಲಿನಲ್ಲಿ ನಿಂತರೆ ನಮ್ಮ ಚರ್ಮ ಅದನ್ನು ತಯಾರಿಸುತ್ತದೆ. ನಾಯಿ ದಿನವಿಡೀ ಬಿಸಿಲಲ್ಲಿ ಮಲಗಿದರೂ ಅದರ ಚರ್ಮ ಸಾಕಷ್ಟು ತಯಾರಿಸಲಾರದು. ಆಹಾರದಿಂದಲೇ ಸಿಗಬೇಕು.

ನೀರು: ಎಲ್ಲಕ್ಕಿಂತ ಮೊದಲು ಶುದ್ಧ ನೀರು. ಒಣ ಆಹಾರ ತಿನ್ನುವ ನಾಯಿಗೆ ಇನ್ನೂ ಹೆಚ್ಚು.

ಚೀಲದ ಆಹಾರ ಬಂದುದು ಹೇಗೆ?

ಸುಮಾರು 1860ರಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವ್ಯಾಪಾರಿ ಇಂಗ್ಲೆಂಡಿಗೆ ಬಂದಿದ್ದ. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತುಗಳನ್ನು ನಾಯಿಗಳು ತಿನ್ನುವುದನ್ನು ಕಂಡು ಅವನಿಗೆ ಉಪಾಯ ಹೊಳೆಯಿತು ಎನ್ನುತ್ತಾರೆ. ಗೋಧಿ, ತರಕಾರಿ, ಬೀಟ್‌ರೂಟ್, ಮಾಂಸ ಸೇರಿಸಿ ಅವನು ನಾಯಿ ಬಿಸ್ಕತ್ತು ಮಾಡಿ ಮಾರಿದ.

ಈಗ ಸಿಗುವ ಉರುಟು ಕಾಳಿನಂಥ ತಿನಿಸು ಬಂದದ್ದು 1950ರ ದಶಕದಲ್ಲಿ. ಅದನ್ನು ಮಾಡುವ ಯಂತ್ರ ನಮ್ಮ ಚಕ್ಕುಲಿ ಒರಳಿನ ದೊಡ್ಡಣ್ಣ. ಧಾನ್ಯದ ಹಿಟ್ಟು, ಮಾಂಸದ ಪುಡಿ, ನೀರು ಎಲ್ಲವನ್ನೂ ಕಲಸಿ ಬಿಸಿ ಹಬೆ ಮತ್ತು ಒತ್ತಡದಲ್ಲಿ ಒಂದು ತಿರುಪು ಮುಂದಕ್ಕೆ ತಳ್ಳುತ್ತದೆ. ಹಿಟ್ಟು ಸಣ್ಣ ತೂತಿನಿಂದ ಹೊರಬಂದ ತಕ್ಷಣ ಒತ್ತಡ ಇಳಿಯುತ್ತದೆ. ಒಳಗಿನ ನೀರು ಆವಿಯಾಗಿ ಹಾರುತ್ತದೆ. ತಿನಿಸು ಚುರುಮುರಿಯಂತೆ ಅರಳುತ್ತದೆ. ಅದನ್ನು ಕತ್ತರಿಸಿ, ಒಣಗಿಸಿ, ಮೇಲೆ ಕೊಬ್ಬು ಮತ್ತು ಜೀವಸತ್ವ ಸವರುತ್ತಾರೆ. ಇಷ್ಟು ಬಿಸಿಯಲ್ಲಿ ರೋಗಾಣುಗಳು ಸಾಯುತ್ತವೆ. ಆದರೆ ಅಫ್ಲಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ಕಾರ್ಖಾನೆಗೆ ಬಂದ ಗೋವಿನಜೋಳ ಕೆಟ್ಟಿದ್ದರೆ ಚೀಲದ ಆಹಾರವೂ ಕೆಟ್ಟದ್ದೇ.

ಹಾಗಾದದ್ದೂ ಉಂಟು. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಅಫ್ಲಟಾಕ್ಸಿನ್ ಸೇರಿದ ನಾಯಿ ಆಹಾರ ತಿಂದು ಸುಮಾರು 100 ನಾಯಿಗಳು ಸತ್ತವು. 2020ರ ಕೊನೆಯಲ್ಲಿ ಬೇರೊಂದು ಕಂಪನಿಯ ಆಹಾರದಿಂದ ಮತ್ತೆ ಅದೇ ಅನಾಹುತವಾಯಿತು. ಅಲ್ಲಿನ ಸರ್ಕಾರ ಇಟ್ಟಿರುವ ಮಿತಿ ನೂರು ಕೋಟಿ ಭಾಗದಲ್ಲಿ 20 ಭಾಗ. ಅಂದರೆ ಒಂದು ಟನ್ ಆಹಾರದಲ್ಲಿ 20 ಮಿಲಿಗ್ರಾಂ, ಒಂದು ಚಿಟಿಕೆಯಷ್ಟೂ ಅಲ್ಲ! ಅದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಅದಕ್ಕೇ ಚೀಲದ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ ಇರುವುದು ಮುಖ್ಯ. ತೊಂದರೆಯಾದಾಗ ಯಾವ ಚೀಲ ಎಂದು ಪತ್ತೆ ಮಾಡಬಹುದು, ಉಳಿದ ಚೀಲಗಳನ್ನು ಅಂಗಡಿಯಿಂದ ಹಿಂದಕ್ಕೆ ತರಿಸಬಹುದು.

ಚೀಲವನ್ನು ಓದೋಣ

ಚೀಲದ ಮುಂಭಾಗದಲ್ಲಿ ಹೊಳೆಯುವ ನಾಯಿಯ ಚಿತ್ರವಿರುತ್ತದೆ. ಅದನ್ನು ನೋಡಿ ಸಂತೋಷಪಡಿ. ಆಮೇಲೆ ಚೀಲವನ್ನು ತಿರುಗಿಸಿ. ನಮಗೆ ಬೇಕಾದ ಮಾಹಿತಿ ಹಿಂಭಾಗದಲ್ಲಿದೆ. ಹೆಚ್ಚಿನ ಚೀಲಗಳಲ್ಲಿ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ. ಈ ಪದಗಳನ್ನು ಹುಡುಕಿ. ಕಷ್ಟವಾದರೆ ಶಿಕ್ಷಕರನ್ನು ಕೇಳಿ.

1. 'ಕಂಪ್ಲೀಟ್' ಎಂದಿದೆಯೆ? ಇದರ ಅರ್ಥ ಸಂಪೂರ್ಣ ಆಹಾರ. ಇದೊಂದನ್ನೇ ಕೊಟ್ಟರೂ ನಾಯಿಗೆ ಬೇಕಾದ ಪೋಷಕಾಂಶಗಳೆಲ್ಲ ಸಿಗುತ್ತವೆ ಎಂದು ತಯಾರಕರು ಹೇಳುತ್ತಾರೆ. 'ಟ್ರೀಟ್', 'ಸ್ನ್ಯಾಕ್', 'ಕಾಂಪ್ಲಿಮೆಂಟರಿ' ಎಂದಿದ್ದರೆ ಅದು ಊಟವಲ್ಲ, ಬರೀ ತಿಂಡಿ. ದಿನದ ಆಹಾರದಲ್ಲಿ ತಿಂಡಿ ಹತ್ತರಲ್ಲಿ ಒಂದು ಪಾಲು ಮೀರಬಾರದು.

2. ಯಾವ ವಯಸ್ಸಿಗೆ? 'ಪಪ್ಪಿ' ಎಂದರೆ ಮರಿ, 'ಅಡಲ್ಟ್' ಎಂದರೆ ಬೆಳೆದ ನಾಯಿ. ಅಮೆರಿಕದ ಮಾನಕದ ಪ್ರಕಾರ ನೀರಿನಂಶ ಕಳೆದು ಉಳಿದ ಆಹಾರದಲ್ಲಿ ಬೆಳೆದ ನಾಯಿಗೆ ಕನಿಷ್ಠ ಶೇಕಡಾ 18, ಮರಿಗೆ ಶೇಕಡಾ 22.5 ಪ್ರೋಟೀನ್ ಇರಬೇಕು. ಕೊಬ್ಬು ಬೆಳೆದ ನಾಯಿಗೆ ಶೇಕಡಾ 5.5, ಮರಿಗೆ ಶೇಕಡಾ 8.5. ದೊಡ್ಡ ತಳಿಯ ಮರಿಗೆ ಸುಣ್ಣ ಅತಿಯಾದರೂ ಮೂಳೆಗೆ ಕೆಡುಕು. ಸಂಪೂರ್ಣ ಆಹಾರ ತಿನ್ನುವ ಮರಿಗೆ ವೈದ್ಯರನ್ನು ಕೇಳದೆ ಸುಣ್ಣದ ಗುಳಿಗೆ ಕೊಡಬೇಡಿ.

3. 'ಇನ್‌ಗ್ರೀಡಿಯೆಂಟ್ಸ್' ಅಂದರೆ ಸೇರಿಸಿದ ಪದಾರ್ಥಗಳು. ಇವನ್ನು ಸಾಮಾನ್ಯವಾಗಿ ತೂಕದ ಪ್ರಕಾರ ಹೆಚ್ಚಿನಿಂದ ಕಡಿಮೆಗೆ ಬರೆಯುತ್ತಾರೆ. ಇಲ್ಲಿ ಸ್ವಲ್ಪ ಜಾಣತನ ಬೇಕು. ಹಸಿ ಕೋಳಿಮಾಂಸದಲ್ಲಿ ಸುಮಾರು ಶೇಕಡಾ 70 ನೀರು. ಆದ್ದರಿಂದ ಪಟ್ಟಿಯಲ್ಲಿ ಮೊದಲು ಬಂದ ಮಾತ್ರಕ್ಕೆ ಅದೇ ಹೆಚ್ಚು ಎನ್ನುವಂತಿಲ್ಲ. ಒಣಗಿದ ಮೇಲೆ ಅದರ ಪಾಲು ಕುಗ್ಗುತ್ತದೆ.

4. ತಯಾರಿಸಿದ ತಿಂಗಳು, ವರ್ಷ, ಎಷ್ಟು ದಿನದೊಳಗೆ ಬಳಸಬೇಕು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಇಲ್ಲವೆ ಆಮದು ಮಾಡಿಕೊಂಡವರ ವಿಳಾಸ, ದೂರು ಹೇಳಲು ದೂರವಾಣಿ. ಇವೆಲ್ಲ ಇವೆಯೆ ನೋಡಿ.

5. ಭಾರತೀಯ ಮಾನಕ ಸಂಸ್ಥೆ ನಾಯಿ ಮತ್ತು ಬೆಕ್ಕಿನ ಆಹಾರಕ್ಕೆಂದೇ ಒಂದು ಮಾನಕ ಮಾಡಿದೆ. ಅದರ ಸಂಖ್ಯೆ ಐ.ಎಸ್. 11968. ಚೀಲದ ಮೇಲೆ ಈ ಸಂಖ್ಯೆಯೊಂದಿಗೆ ಐ.ಎಸ್.ಐ. ಗುರುತು ಕಂಡರೆ ಒಳ್ಳೆಯದು.

ಕೆಲವು ಅಂಗಡಿಗಳಲ್ಲಿ ದೊಡ್ಡ ಚೀಲ ಬಿಚ್ಚಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಅಗ್ಗ ಎನಿಸುತ್ತದೆ. ಆದರೆ ಅದು ಯಾವಾಗ ತಯಾರಾಯಿತು? ಯಾವಾಗ ಬಿಚ್ಚಿದರು? ಯಾವ ವಯಸ್ಸಿನ ನಾಯಿಯದು? ಪ್ಲಾಸ್ಟಿಕ್ ಕೊಟ್ಟೆಯ ಮೇಲೆ ಏನೂ ಬರೆದಿರುವುದಿಲ್ಲ. ಓದಲು ಆಗದ ಚೀಲವನ್ನು ನಂಬುವುದು ಹೇಗೆ? ಹಣ ಕಡಿಮೆಯಿದ್ದರೆ ಮುಚ್ಚಿದ ಸಣ್ಣ ಪೊಟ್ಟಣವನ್ನೇ ಕೊಳ್ಳಿ.

ಒಂದು ಲೆಕ್ಕ ಮಾಡೋಣ

ಅಂಗಡಿಯಲ್ಲಿ ಎರಡು ಆಹಾರಗಳಿವೆ ಎಂದುಕೊಳ್ಳಿ. ಒಣ ತಿನಿಸಿನ ಚೀಲದ ಮೇಲೆ 'ಪ್ರೋಟೀನ್ 20%, ಮಾಯಿಶ್ಚರ್ 10%' ಎಂದಿದೆ. ಗಸಿಯಂಥ ಮೆತ್ತನೆಯ ಆಹಾರದ ಪೊಟ್ಟಣದ ಮೇಲೆ 'ಪ್ರೋಟೀನ್ 8%, ಮಾಯಿಶ್ಚರ್ 80%' ಎಂದಿದೆ. ಮಾಯಿಶ್ಚರ್ ಅಂದರೆ ನೀರಿನಂಶ. ಯಾವುದರಲ್ಲಿ ಪ್ರೋಟೀನ್ ಹೆಚ್ಚು? 20 ದೊಡ್ಡದು, ಆದ್ದರಿಂದ ಒಣ ತಿನಿಸು ಎನ್ನುತ್ತೀರಾ? ತಾಳಿ. ಮೊದಲು ನೀರನ್ನು ಕಳೆಯಬೇಕು.

ಒಣ ತಿನಿಸು: 100 ಗ್ರಾಂನಲ್ಲಿ ನೀರು 10 ಗ್ರಾಂ. ಉಳಿದದ್ದು 90 ಗ್ರಾಂ. ಅದರಲ್ಲಿ ಪ್ರೋಟೀನ್ 20 ಗ್ರಾಂ. 20 ÷ 90 × 100 = ಸುಮಾರು ಶೇಕಡಾ 22.

ಮೆತ್ತನೆಯ ಆಹಾರ: 100 ಗ್ರಾಂನಲ್ಲಿ ನೀರು 80 ಗ್ರಾಂ. ಉಳಿದದ್ದು 20 ಗ್ರಾಂ. ಅದರಲ್ಲಿ ಪ್ರೋಟೀನ್ 8 ಗ್ರಾಂ. 8 ÷ 20 × 100 = ಶೇಕಡಾ 40.

ನೋಡಿದಿರಾ? ನೀರು ಕಳೆದಾಗ ಉತ್ತರವೇ ಬದಲಾಯಿತು. ಹಾಗೆಂದು ಮೆತ್ತನೆಯದೇ ಲಾಭ ಎಂದುಕೊಳ್ಳಬೇಡಿ. 100 ಗ್ರಾಂ ಪೊಟ್ಟಣದಲ್ಲಿ ನೀವು ಹಣ ಕೊಟ್ಟು ತಂದದ್ದರಲ್ಲಿ 80 ಗ್ರಾಂ ನೀರೇ!

ಅಂಕಿಯೂ ಸುಳ್ಳು ಹೇಳಿದಾಗ

ಚೀಲದ ಮೇಲೆ 'ಕ್ರೂಡ್ ಪ್ರೋಟೀನ್' ಎಂದು ಬರೆದಿರುತ್ತದೆ. 'ಕ್ರೂಡ್' ಏಕೆ? ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ತೂಗುವುದಿಲ್ಲ. 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್‌ಡಾಲ್ ಎಂಬ ವಿಜ್ಞಾನಿ ಕಂಡುಹಿಡಿದ ವಿಧಾನದಿಂದ ಆಹಾರದಲ್ಲಿ ಸಾರಜನಕ ಎಷ್ಟಿದೆ ಎಂದು ಅಳೆಯುತ್ತಾರೆ. ಪ್ರೋಟೀನಿನಲ್ಲಿ ಸುಮಾರು ಶೇಕಡಾ 16 ಸಾರಜನಕ ಇರುತ್ತದೆ. 100 ÷ 16 = 6.25. ಆದ್ದರಿಂದ ಸಿಕ್ಕಿದ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನ್ ಎಷ್ಟು ಎಂದು ಅಂದಾಜು ಸಿಗುತ್ತದೆ.

ಈ ಲೆಕ್ಕದಲ್ಲಿ ಒಂದು ಕಿಂಡಿ ಇದೆ. ಪ್ರೋಟೀನ್ ಅಲ್ಲದ, ಆದರೆ ಸಾರಜನಕ ತುಂಬಿದ ಪದಾರ್ಥವನ್ನು ಬೆರೆಸಿದರೆ ಏನಾಗುತ್ತದೆ? ಪರೀಕ್ಷೆ ಮೋಸಹೋಗುತ್ತದೆ. ಮೆಲಮೈನ್ ಅಂಥ ಪದಾರ್ಥ. ಹೊಳೆಯುವ ಮೆಲಮೈನ್ ತಟ್ಟೆಗಳನ್ನು ನೀವು ನೋಡಿರಬಹುದು. ಇದರಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ಒಂದು ಗ್ರಾಂ ಮೆಲಮೈನ್ ಬೆರೆಸಿದರೆ ಪರೀಕ್ಷೆ ಅದನ್ನು ನಾಲ್ಕು ಗ್ರಾಂಗೂ ಹೆಚ್ಚು ಪ್ರೋಟೀನ್ ಎಂದು ತೋರಿಸುತ್ತದೆ.

2007ರಲ್ಲಿ ಹೀಗೇ ಆಯಿತು. ಚೀನಾದಿಂದ ಅಮೆರಿಕಕ್ಕೆ ಹೋದ ಗೋಧಿಯ ಪ್ರೋಟೀನ್ ಪುಡಿಯಲ್ಲಿ ಮೆಲಮೈನ್ ಬೆರೆತಿತ್ತು. ಅದರಿಂದ ತಯಾರಾದ ಆಹಾರ ತಿಂದ ನಾಯಿ ಬೆಕ್ಕುಗಳ ಮೂತ್ರಪಿಂಡಗಳಲ್ಲಿ ಹರಳುಗಳು ಕಟ್ಟಿಕೊಂಡವು. ಬಹಳ ಪ್ರಾಣಿಗಳು ಸತ್ತವು. ಮಾರ್ಚ್ ತಿಂಗಳಲ್ಲಿ ಆರು ಕೋಟಿ ಡಬ್ಬಿ, ಪೊಟ್ಟಣಗಳನ್ನು ಹಿಂದಕ್ಕೆ ತರಿಸಬೇಕಾಯಿತು. ಮರುವರ್ಷ 2008ರಲ್ಲಿ ಚೀನಾದಲ್ಲಿ ಎಳೆಯ ಮಕ್ಕಳ ಹಾಲಿನ ಪುಡಿಯಲ್ಲೇ ಮೆಲಮೈನ್ ಸಿಕ್ಕಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸುಗಳು ತೀರಿಕೊಂಡವು.

1974ರಲ್ಲಿ ಗೋವಿನಜೋಳ, 2007ರಲ್ಲಿ ಗೋಧಿ ಪುಡಿ. ಎರಡು ಸಲವೂ ನಾಯಿಯ ತಟ್ಟೆಯಲ್ಲಿದ್ದ ವಿಷ ಮನುಷ್ಯರ ತಟ್ಟೆಗೂ ದೂರವಿರಲಿಲ್ಲ. ನಾಯಿಯ ಆಹಾರ ಸುರಕ್ಷಿತವಾಗಿರಬೇಕು ಎನ್ನುವುದು ನಾಯಿಯ ಮೇಲಿನ ಕರುಣೆ ಮಾತ್ರವಲ್ಲ, ನಮ್ಮ ಎಚ್ಚರವೂ ಹೌದು.

ಬೆಲೆಯ ಲೆಕ್ಕ

ದುಬಾರಿಯದೇ ಒಳ್ಳೆಯದೆ? ಅಗ್ಗದ್ದೇ ಲಾಭವೆ? ಇನ್ನೊಂದು ಲೆಕ್ಕ ಮಾಡಿ. ಚೀಲದ ಹಿಂದೆ ಎಷ್ಟು ತೂಕದ ನಾಯಿಗೆ ದಿನಕ್ಕೆ ಎಷ್ಟು ಗ್ರಾಂ ಎಂಬ ಕೋಷ್ಟಕ ಇರುತ್ತದೆ. 10 ಕಿಲೋ ತೂಗುವ ನಾಯಿಗೆ 'ಅ' ಚೀಲದಲ್ಲಿ ದಿನಕ್ಕೆ 200 ಗ್ರಾಂ, 'ಆ' ಚೀಲದಲ್ಲಿ 150 ಗ್ರಾಂ ಎಂದು ಇದೆ ಎಂದುಕೊಳ್ಳಿ. 'ಅ' ಚೀಲಕ್ಕೆ ಕಿಲೋಗೆ 200 ರೂಪಾಯಿ, 'ಆ' ಚೀಲಕ್ಕೆ 250 ರೂಪಾಯಿ.

'ಅ': 200 ಗ್ರಾಂಗೆ 40 ರೂಪಾಯಿ.
'ಆ': 150 ಗ್ರಾಂಗೆ 37 ರೂಪಾಯಿ 50 ಪೈಸೆ.

ಕಿಲೋ ಲೆಕ್ಕದಲ್ಲಿ ದುಬಾರಿಯಾದದ್ದು ದಿನದ ಲೆಕ್ಕದಲ್ಲಿ ಅಗ್ಗವಾಯಿತು! ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ 'ಕಿಲೋಗೆ ಎಷ್ಟು?' ಅಲ್ಲ, 'ದಿನಕ್ಕೆ ಎಷ್ಟು?'

ತಂದ ಮೇಲೆ ಇಡುವುದು ಹೇಗೆ?

ಒಳ್ಳೆಯ ಆಹಾರ ತಂದು ಕೆಟ್ಟದಾಗಿ ಇಟ್ಟರೆ ಪ್ರಯೋಜನವಿಲ್ಲ. ಮಳೆಗಾಲದ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಗಾಳಿ ತಾಗಿದ ಕೊಬ್ಬು ಕಮಟು ಹಿಡಿಯುತ್ತದೆ.

* ಆಹಾರವನ್ನು ಅದರ ಚೀಲದಲ್ಲೇ ಇಟ್ಟು, ಬಾಯಿ ಬಿಗಿಯಾಗಿ ಮಡಚಿ, ಆ ಚೀಲವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಇಡಿ. ಬ್ಯಾಚ್ ಸಂಖ್ಯೆಯೂ ಕೈಗೆ ಸಿಗುತ್ತದೆ.
* ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಇಲಿ, ಇರುವೆ, ಬಿಸಿಲು ತಾಗಬಾರದು.
* ನೆರೆಯ ನೀರು ತಾಗಿದ ಚೀಲವನ್ನು ಒಣಗಿಸಿ ಬಳಸಬೇಡಿ.
* ಗೊಬ್ಬರ, ಕೀಟನಾಶಕ ಅಥವಾ ತಂಬಾಕು ತುಂಬಿದ್ದ ಹಳೆಯ ಚೀಲಗಳಲ್ಲಿ ಆಹಾರ ತುಂಬಬೇಡಿ. ನಿಪ್ಪಾಣಿ ಕಡೆ ತಂಬಾಕಿನ ಚೀಲಗಳು ಸುಲಭವಾಗಿ ಸಿಗುತ್ತವೆ. ತಂಬಾಕಿನ ಪುಡಿಯಲ್ಲಿರುವ ನಿಕೋಟಿನ್ ನಾಯಿಗೆ ವಿಷ.
* ಹೊಸ ಆಹಾರವನ್ನು ಒಂದೇ ದಿನದಲ್ಲಿ ಬದಲಾಯಿಸಬೇಡಿ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಒಂದು ವಾರದಲ್ಲಿ ಪೂರ್ತಿ ಬದಲಾಯಿಸಿ. ಇಲ್ಲದಿದ್ದರೆ ಭೇದಿಯಾಗುತ್ತದೆ.
* ಆಹಾರ ಮುಟ್ಟಿದ ಮೇಲೆ, ನಾಯಿಯ ತಟ್ಟೆ ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. 2006ರಿಂದ 2008ರ ಅವಧಿಯಲ್ಲಿ ಅಮೆರಿಕದಲ್ಲಿ ಒಣ ನಾಯಿ ಆಹಾರದಲ್ಲಿದ್ದ ಸಾಲ್ಮೊನೆಲ್ಲ ಎಂಬ ರೋಗಾಣುವಿನಿಂದ 70ಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು. ಅವರಲ್ಲಿ ಪುಟ್ಟ ಮಕ್ಕಳೇ ಬಹಳ. ತಂಗಿ ತಮ್ಮಂದಿರು ನಾಯಿಯ ತಟ್ಟೆಗೆ ಕೈ ಹಾಕದಂತೆ ನೋಡಿಕೊಳ್ಳಿ.

ಇವು ನಾಯಿಗೆ ಬೇಡ

ಪ್ರೀತಿಯಿಂದ ಕೊಟ್ಟದ್ದೂ ವಿಷವಾಗಬಹುದು. ನಮಗೆ ಒಳ್ಳೆಯದಾದ ಈ ಪದಾರ್ಥಗಳು ನಾಯಿಗೆ ಕೆಟ್ಟವು.

ದ್ರಾಕ್ಷಿ ಮತ್ತು ಒಣದ್ರಾಕ್ಷಿ: ಅಥಣಿ ತಾಲ್ಲೂಕಿನಲ್ಲಿ ದ್ರಾಕ್ಷಿ ತೋಟಗಳಿವೆ. ತೋಟದ ಮಕ್ಕಳು ಇದನ್ನು ಮರೆಯಬಾರದು. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡುತ್ತದೆ. ಇದಕ್ಕೆ ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕಾರಣವಿರಬೇಕು ಎಂದು 2021ರಲ್ಲಿ ಪಶು ವೈದ್ಯರು ಸೂಚಿಸಿದರು. ಹುಣಸೆಹಣ್ಣಿನಲ್ಲೂ ಅದೇ ಆಮ್ಲವಿದೆ. ಆದ್ದರಿಂದ ಹುಣಸೆ ಹಿಂಡಿದ ಸಾರು ಬೇಡ.

ಉಳ್ಳಾಗಡ್ಡಿ, ಬಳ್ಳೊಳ್ಳಿ: ಅಂದರೆ ಈರುಳ್ಳಿ, ಬೆಳ್ಳುಳ್ಳಿ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ಗುಣ ಹೋಗದು.

ಚಾಕೊಲೇಟ್: ಇದರಲ್ಲಿರುವ ಥಿಯೊಬ್ರೊಮಿನ್ ನಾಯಿಯ ಹೃದಯ ಮತ್ತು ನರಗಳಿಗೆ ಅಪಾಯಕಾರಿ.

ಸಕ್ಕರೆರಹಿತ ಚೂಯಿಂಗ್ ಗಮ್: ಇದರಲ್ಲಿ ಇರಬಹುದಾದ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸುತ್ತದೆ.

ಬೇಯಿಸಿದ ಎಲುಬು: ಸೀಳಿ ಚೂಪಾಗಿ ಕರುಳನ್ನು ಚುಚ್ಚಬಹುದು.

ಇಂಥದ್ದೇನಾದರೂ ತಿಂದರೆ, ವಾಂತಿ, ಮಂಕು, ಹಳದಿ ಕಣ್ಣು ಕಂಡರೆ ಕಾಯುತ್ತ ಕೂರಬೇಡಿ. ಹಿರಿಯರಿಗೆ ಹೇಳಿ, ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ತಿಂದ ಆಹಾರದ ಚೀಲವನ್ನೂ ಜೊತೆಗೆ ಒಯ್ಯಿರಿ.

ಚೀಲ ಕೊಳ್ಳಲು ಆಗದಿದ್ದರೆ?

ಎಲ್ಲರ ಮನೆಯಲ್ಲೂ ಚೀಲದ ಆಹಾರ ಕೊಳ್ಳಲು ಆಗದು. ಅದರಿಂದ ನಾಚಿಕೆಪಡಬೇಕಿಲ್ಲ. ಚೀಲವಿಲ್ಲದ ಕಾಲದಲ್ಲೂ ನಾಯಿಗಳು ಕುರಿ ಕಾಯ್ದಿವೆ, ಹೊಲ ಕಾಯ್ದಿವೆ. ಒಳ್ಳೆಯ ಕಾಳಿನ ನುಚ್ಚು ಅಥವಾ ರೊಟ್ಟಿಯ ಜೊತೆಗೆ ಪೂರ್ತಿ ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಬೆಂದ ಮಾಂಸ ಅಥವಾ ಬೆಂದ ಬೇಳೆ, ಸ್ವಲ್ಪ ಗಜ್ಜರಿ ಸೇರಿಸಬಹುದು. ಖಾರ, ಹೆಚ್ಚು ಉಪ್ಪು ಬೇಡ. ಬೆಳೆದ ಕೆಲವು ನಾಯಿಗಳಿಗೆ ಹಾಲು ಅರಗುವುದಿಲ್ಲ. ಭೇದಿಯಾದರೆ ನಿಲ್ಲಿಸಿ. ಮರಿಗಳಿಗೆ ಸುಣ್ಣ ಮತ್ತು ಜೀವಸತ್ವ ಎಷ್ಟು ಬೇಕೆಂದು, ರೇಬಿಸ್ ಲಸಿಕೆ ಹಾಕಿಸಲು ಹೋದಾಗ ಪಶು ವೈದ್ಯರನ್ನೇ ಕೇಳಿ.

ಆಹಾರ ಸರಿಯಾಗಿದೆಯೆ ಎಂದು ತಿಳಿಯಲು ನಿಮ್ಮ ಕೈಯೇ ಸಾಕು. ನಾಯಿಯ ಎರಡೂ ಪಕ್ಕೆಗಳ ಮೇಲೆ ಅಂಗೈ ಆಡಿಸಿ. ಪಕ್ಕೆಲುಬುಗಳು ಒತ್ತದೆಯೇ ಬೆರಳಿಗೆ ಸಿಕ್ಕಿದರೆ ಸರಿ. ಒತ್ತಿದರೂ ಸಿಗದಿದ್ದರೆ ಊಟ ಹೆಚ್ಚಾಗಿದೆ. ಬೆನ್ನು, ಸೊಂಟದ ಮೂಳೆಗಳೆಲ್ಲ ಎದ್ದು ಚುಚ್ಚಿದರೆ ಊಟ ಸಾಲದು. ಮುಧೋಳ ನಾಯಿಯಂಥ ಓಟದ ತಳಿ ಹುಟ್ಟಾ ತೆಳ್ಳಗೆ. ಅದು ಬಡಕಲಾಗಿದೆ ಎಂದು ಕೊಬ್ಬಿಸಬೇಡಿ.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ನಾಯಿಯ ಒಣ ತಿನಿಸಿನ ನಾಲ್ಕು ಕಾಳು, ಎರಡು ಬಟ್ಟಲು, ನೀರು, ಟಿಂಚರ್ ಅಯೋಡಿನ್.

ಒಂದನೆಯ ಪ್ರಯೋಗ: ಎರಡು ಕಾಳುಗಳನ್ನು ನೀರಿನಲ್ಲಿ ಹಾಕಿ ಅರ್ಧ ಗಂಟೆ ಬಿಡಿ. ಅವು ಉಬ್ಬಿ ದಪ್ಪವಾಗುತ್ತವೆ. ಒಣ ತಿನಿಸಿನಲ್ಲಿ ನೀರು ಎಷ್ಟು ಕಡಿಮೆ, ತಿಂದ ನಾಯಿಗೆ ನೀರು ಏಕೆ ಬೇಕು ಎಂಬುದು ತಿಳಿಯಿತೆ?

ಎರಡನೆಯ ಪ್ರಯೋಗ: ಉಳಿದ ಎರಡು ಕಾಳುಗಳನ್ನು ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ಮೇಲೆ ಎರಡು ಹನಿ ಅಯೋಡಿನ್ ಬಿಡಿ. ಕಡುನೀಲಿ ಬಣ್ಣ ಬಂದರೆ ಪಿಷ್ಟವಿದೆ ಎಂದರ್ಥ. ಈಗ ಚೀಲದ ಪದಾರ್ಥಗಳ ಪಟ್ಟಿ ನೋಡಿ. ಆ ಪಿಷ್ಟ ಯಾವ ಧಾನ್ಯದಿಂದ ಬಂದಿರಬಹುದು?

ಪ್ರಯೋಗ ಮುಗಿದ ಮೇಲೆ ಕಾಳುಗಳನ್ನು ನಾಯಿಗೆ ಹಾಕಬೇಡಿ. ಮಣ್ಣಿನಲ್ಲಿ ಹೂಳಿ, ಕೈ ತೊಳೆಯಿರಿ.

ಇನ್ನು ಕಣದಲ್ಲಿ ಯಾರಾದರೂ ಬೂಷ್ಟು ಹಿಡಿದ ಕಾಳನ್ನು ನಾಯಿಗೆ ಹಾಕಲು ಹೊರಟರೆ ನೀವು ಏನು ಹೇಳುತ್ತೀರಿ? ಪಂಚಮಹಲ್ ಮತ್ತು ಬಾಂಸವಾಡಾದ ಕತೆ ಹೇಳಿ. ನಾಯಿ ಏನು ಹಾಕಿದರೂ ಬಾಲ ಅಲ್ಲಾಡಿಸಿ ತಿನ್ನುತ್ತದೆ. ಅದಕ್ಕೆ ತಾರೀಖು ಓದಲು ಬಾರದು, ಶೇಕಡಾ ಲೆಕ್ಕ ಬಾರದು. ನಿಮಗೆ ಬರುತ್ತದೆ ಅಲ್ಲವೆ?